ಜಗಲಿಗೆ ಬಂದ ಹಳ್ಳದ ಮೀನು

ಹೊಸನಗರ ತಾಲ್ಲೂಕಿನ ನಗರದಿಂದ ಸ್ವಲ್ಪ ಒಳಗೆ, ಅಡಿಕೆ ತೋಟಕ್ಕೆ ತಾಗಿದ ಮನೆಯೊಂದರ ಜಗಲಿಯಲ್ಲಿ ಮೂರಡಿ ಉದ್ದದ ಅಕ್ವೇರಿಯಂ ಇದೆ. ಅದರಲ್ಲಿ ಗೋಲ್ಡ್‌ಫಿಷ್ ಇಲ್ಲ, ಏಂಜೆಲ್ ಇಲ್ಲ, ವಾಸ್ತುವಿನ ಹೆಸರಿನಲ್ಲಿ ಸಾವಿರಾರು ರೂಪಾಯಿ ಸುರಿದು ತರುವ ಫ್ಲವರ್‌ಹಾರ್ನ್ ಇಲ್ಲವೇ ಇಲ್ಲ. ಇರುವ ಮೀನೆಲ್ಲ ಮನೆಯ ಕೆಳಗಿನ ಹಳ್ಳದ್ದು. ಮಧ್ಯದ ನೀರಿನಲ್ಲಿ ಗುಂಪು ಕಟ್ಟಿಕೊಂಡು ಓಡಾಡುವ ಮೆಲನ್ ಬಾರ್ಬ್‌ಗಳಿಗೆ ಕಿತ್ತಳೆಗೆಂಪು ಮೈ, ಅದರ ಮೇಲೆ ಅಡ್ಡಕ್ಕೆ ಎಳೆದ ಕಪ್ಪು ಪಟ್ಟೆ. ಮೇಲ್ಗಡೆ, ನೀರಿನ ಚರ್ಮಕ್ಕೆ ಬೆನ್ನು ತಾಗಿಸಿ ಅಲುಗದೆ ನಿಂತದ್ದು ಪಂಚಾಕ್ಸ್: ಚಪ್ಪಟೆ ತಲೆ, ನೆತ್ತಿಯ ಮೇಲೊಂದು ಬೆಳ್ಳಿ ಚುಕ್ಕಿ, ಮೈಮೇಲೆ ಸಾಲುಸಾಲು ಹೊಳೆಯುವ ಹುರುಪೆ. ಕೆಳಗೆ ಮರಳು, ಹೊಳೆಗಲ್ಲು, ಒಂದು ಹಳೆಯ ಬೇರು. ಇವನ್ನೇ ನಾವು ಚಿಕ್ಕಂದಿನಿಂದ ‘ಸಸಲು’ ಎಂಬ ಒಂದೇ ಹೆಸರಿನಲ್ಲಿ ಮುಗಿಸಿ, ಮಳೆಗಾಲ ಹಿಡಿಯುತ್ತಿದ್ದಂತೆ ಕೂಣಿಯಲ್ಲಿ ಹಿಡಿದು ಸಾರು ಮಾಡಿದ್ದು. ಗಾಜಿನ ಹಿಂದೆ, ಪಕ್ಕದಿಂದ ಬಿದ್ದ ಬೆಳಕಿನಲ್ಲಿ ನೋಡಿದಾಗ ನನಗೆ ಬೇರೆ ಯಾವ ದೇಶದ ಮೀನೂ ಬೇಡ ಅನ್ನಿಸಿತು. ಆ ಬೆರಗು ಇನ್ನೂ ಇಳಿದಿಲ್ಲ.

ತೊಟ್ಟಿ ಆ ಮನೆಯ ಮಗಳದ್ದು. ಸಾಗರದಲ್ಲಿ ಡಿಗ್ರಿ ಓದುತ್ತಾಳೆ. ಅವಳ ಮೊದಲ ಪ್ರಯತ್ನ ಎಲ್ಲರದ್ದೂ ಇರುವಂಥದ್ದೇ: ಪೇಟೆಯಿಂದ ತಂದ ದುಂಡು ಬೌಲು, ಎರಡು ಗೋಲ್ಡ್‌ಫಿಷ್, ಒಂದು ಡಬ್ಬಿ ಆಹಾರ. ಹದಿನೈದು ದಿನದೊಳಗೆ ಎರಡೂ ಸತ್ತವು. ಹೀಗಾದಾಗ ಎಲ್ಲರೂ ದೂರುವುದು ಮೀನನ್ನು, ಇಲ್ಲವೇ ಅಂಗಡಿಯವನನ್ನು. ನಿಜವಾದ ಕಾರಣ ಹೊಸ ನೀರು. ಮೀನಿನ ಕಿವಿರು ಮತ್ತು ಹೊಲಸಿನಿಂದ ಅಮೋನಿಯಾ ಬರುತ್ತದೆ, ಅದು ವಿಷ. ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು ಬಗೆ, ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವಂಥದ್ದು ಇನ್ನೊಂದು ಬಗೆ. ಫಿಲ್ಟರಿನ ಸ್ಪಂಜು, ಮರಳು, ಕಲ್ಲುಗಳ ಮೇಲೆ ಇವೆರಡೂ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಗೆ ಅದೇ ದಿನ ಹನ್ನೆರಡು ಮೀನು ಬಿಟ್ಟರೆ ಅವು ತಮ್ಮ ಹೊಲಸಿನಲ್ಲೇ ಉಸಿರಾಡಬೇಕು.

ಎರಡನೆಯ ಸಲ ಹುಡುಗಿ ಮಾಡಿದ್ದು ಬೇರೆ. ತೊಟ್ಟಿಗೆ ನೀರು ತುಂಬಿ, ಫಿಲ್ಟರ್ ಓಡಿಸಿ, ಮೀನೇ ಇಲ್ಲದ ನೀರಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿದಳು. ಅದು ಕೊಳೆತು ಬರುವ ಅಮೋನಿಯಾವೇ ಬ್ಯಾಕ್ಟೀರಿಯಾಕ್ಕೆ ಊಟ. “ತಿಂಗಳುಗಟ್ಟಲೆ ಬರೀ ನೀರು ನೋಡ್ತಾ ಕೂತಿದ್ಲು. ಇವಳಿಗೇನಾಗಿದೆ ಅಂತ ಅಪ್ಪಯ್ಯನೂ ನಾನೂ ಮಾತಾಡ್ಕೊಂಡ್ವಿ” ಎಂದರು ತಾಯಿ, ಕಷಾಯದ ಲೋಟ ಕೈಗಿಡುತ್ತಾ. ಮೀನು ಸಾಕುವವರಿಗೆ ಇದಕ್ಕಿಂತ ದೊಡ್ಡ ಪಾಠ ನಾನು ಬೇರೆಲ್ಲೂ ಕಂಡಿಲ್ಲ. ಮೊದಲು ಸಾಕಬೇಕಾದದ್ದು ನೀರನ್ನು.

ಆ ನೀರು ಮಲೆನಾಡಿನದ್ದಾದರೆ ಪುಸ್ತಕದ ಸಲಹೆ ಅರ್ಧಕ್ಕೆ ಕೈಬಿಡುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಜಂಬಿಟ್ಟಿಗೆ ನೆಲ, ಸುರಿಯುವ ಮಳೆ. ಬಾವಿಗೂ ಅಬ್ಬಿಗೂ ಬರುವ ನೀರಿನಲ್ಲಿ ಸುಣ್ಣದಂಶ ತೀರಾ ಕಡಿಮೆ. ಸೋಪು ಚೆನ್ನಾಗಿ ನೊರೆ ಕೊಡುತ್ತದೆ, ಬೇಳೆ ಬೇಗ ಬೇಯುತ್ತದೆ, ಪಾತ್ರೆಗೆ ಬಿಳಿ ಕರೆ ಕಟ್ಟುವುದಿಲ್ಲ. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸುಖವಾಗಿರುವ ಗಪ್ಪಿ, ಮೋಲಿ, ಪ್ಲ್ಯಾಟಿ ಇಲ್ಲಿ ಸೊರಗುವುದು ಇದೇ ಕಾರಣಕ್ಕೆ. ಅವಕ್ಕೆ ಗಡಸು ನೀರು ಬೇಕು. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಅಮೋನಿಯಾವನ್ನು ಅರಗಿಸುವಾಗ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತವೆ. ಗಡಸು ನೀರು ಅದನ್ನು ತಡೆದುಕೊಳ್ಳುತ್ತದೆ, ಮೆದು ನೀರಿಗೆ ಆ ತಾಕತ್ತಿಲ್ಲ. ತಿಂಗಳು ಕಳೆಯುತ್ತಿದ್ದಂತೆ ಪಿಎಚ್ ಇಳಿಯುತ್ತದೆ, ಆರರ ಕೆಳಗೆ ಹೋದರೆ ಬ್ಯಾಕ್ಟೀರಿಯಾಗಳ ಕೆಲಸವೇ ಮಂದವಾಗುತ್ತದೆ. ಆಗ ತೊಟ್ಟಿಯಲ್ಲಿ ಕೂಡಿಕೊಳ್ಳುವುದು ಬಹುಪಾಲು ಅಮೋನಿಯಂ, ಅದರಿಂದ ಕೂಡಲೇ ಅಪಾಯವಿಲ್ಲ. ಇದನ್ನು ತಿಳಿಯದೆ ಯಾರೋ ಹೇಳಿದರೆಂದು ಅಡುಗೆ ಸೋಡಾ ಹಾಕಿ ಪಿಎಚ್ ಏರಿಸಿದರೆ, ಅದೇ ಅಮೋನಿಯಂ ವಿಷದ ಅಮೋನಿಯಾ ಆಗಿ ಒಂದೇ ರಾತ್ರಿಯಲ್ಲಿ ತೊಟ್ಟಿ ಖಾಲಿ. ‘ನೀರು ಚೆನ್ನಾಗೇ ಇತ್ತು, ಬೆಳಗಾಗುವುದರಲ್ಲಿ ಎಲ್ಲ ಹೋದವು’ ಎಂದು ಈ ಭಾಗದಲ್ಲಿ ಕೇಳುವ ಕತೆಗಳಲ್ಲಿ ಹಲವಕ್ಕೆ ಇದೇ ಮೂಲ ಎಂಬುದು ನನ್ನ ಗಟ್ಟಿ ನಂಬಿಕೆ.

ಹುಡುಗಿ ಕಂಡುಕೊಂಡ ಉಪಾಯ ಕರಾವಳಿಯದ್ದು. ಸುಣ್ಣ ಸುಡಲು ತರುವ ಕಪ್ಪೆಚಿಪ್ಪನ್ನು ಸುಡದೆ ಹಾಗೇ ತೊಳೆದು, ಜಜ್ಜಿ, ಒಂದು ಹಿಡಿಯಷ್ಟನ್ನು ಹಳೆಯ ಸಾಕ್ಸಿನಲ್ಲಿ ಕಟ್ಟಿ ಫಿಲ್ಟರಿನ ಪಕ್ಕ ತೂಗುಬಿಟ್ಟಿದ್ದಾಳೆ. ನೀರು ಆಮ್ಲದ ಕಡೆ ವಾಲಿದಂತೆ ಚಿಪ್ಪು ತಾನಾಗಿ ಕರಗುತ್ತದೆ, ಸರಿಯಾದಾಗ ನಿಧಾನವಾಗುತ್ತದೆ. ಬಾವಿಯ ನೀರು 6.2 ಇದ್ದದ್ದು ತೊಟ್ಟಿಯಲ್ಲಿ 6.8ರ ಆಸುಪಾಸು ನಿಂತಿದೆ. ಹಳ್ಳದ ಮೀನಿಗೆ ಅದು ಧಾರಾಳ ಸಾಕು.

ಎಷ್ಟು ಮೀನು ಬಿಡಬೇಕು ಎನ್ನುವುದನ್ನು ಇಲ್ಲಿ ನಿರ್ಧರಿಸುವುದು ಲೀಟರ್ ಲೆಕ್ಕಕ್ಕಿಂತ ಹೆಚ್ಚಾಗಿ ಕರೆಂಟು. ಹುಲಿಕಲ್, ಮಾಸ್ತಿಕಟ್ಟೆ, ಆಗುಂಬೆಯ ಸುತ್ತ ಆಷಾಢದಲ್ಲಿ ಮರ ಬಿದ್ದು ಲೈನು ಹೋದರೆ ಎರಡು ಮೂರು ದಿನ ಬಾರದಿರುವುದು ಹೊಸದಲ್ಲ. ಫಿಲ್ಟರ್ ನಿಂತರೆ ಸ್ಪಂಜಿನ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಸಿಗುವುದಿಲ್ಲ, ಕೆಲವು ಗಂಟೆಗಳಲ್ಲೇ ಅವು ಸಾಯಲು ಶುರು. ಸುಮಾರು 190 ಲೀಟರ್ ಹಿಡಿಯುವ ಈ ತೊಟ್ಟಿಯಲ್ಲಿರುವುದು ಎಂಟು ಮೆಲನ್ ಬಾರ್ಬ್, ಐದು ಪಂಚಾಕ್ಸ್, ಅಷ್ಟೇ. ಪೇಟೆಯ ಅಂಗಡಿಯಲ್ಲಿ ಇದೇ ಗಾತ್ರಕ್ಕೆ ನಲವತ್ತು ಮೀನು ಮಾರುತ್ತಾರೆ. ಕರೆಂಟಿಲ್ಲದ ದಿನ ಬ್ಯಾಟರಿಯ ಏರ್ ಪಂಪು, ಆಹಾರ ಪೂರ್ತಿ ಬಂದ್. ಮಳೆಗಾಲದಲ್ಲಿ ಜಗಲಿಯ ನೀರು 21 ಡಿಗ್ರಿಗೆ ಇಳಿದರೂ ಹಳ್ಳದ ಮೀನು ಲಕ್ಷಿಸುವುದಿಲ್ಲ. ಬೆಚ್ಚಗಿನ ನೀರಿನ ವಿದೇಶಿ ಮೀನಾದರೆ ಹೀಟರ್ ಬೇಕು, ಇಲ್ಲದಿದ್ದರೆ ಮೈತುಂಬ ಬಿಳಿ ಚುಕ್ಕಿ ರೋಗ.

ಈ ಮೆಲನ್ ಬಾರ್ಬ್‌ನ ಶಾಸ್ತ್ರೀಯ ಹೆಸರು ಹಲುದಾರಿಯಾ ಫ್ಯಾಸಿಯಾಟಾ. ಆ ಹೆಸರಿನ ಹಿಂದಿರುವ ಇಬ್ಬರ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಟಿಪ್ಪು ಬಿದ್ದ ಮೇಲೆ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇಕ್ಕೇರಿ, ನಗರಗಳನ್ನು ಹಾದುಹೋದ. ಅಡಿಕೆ ತೋಟ, ಮೆಣಸಿನ ಬಳ್ಳಿ, ಗೇಣಿ, ಕಂದಾಯ ಎಲ್ಲವನ್ನೂ ಬರೆದುಕೊಂಡ. ಆ ಪ್ರವಾಸದ ಮೂರು ಸಂಪುಟ 1807ರಲ್ಲಿ ಬಂತು, ನಮ್ಮ ಇತಿಹಾಸದವರೆಲ್ಲ ಅದನ್ನು ಬಲ್ಲರು. ಅದೇ ಬುಕಾನನ್ ಆಮೇಲೆ ಬಂಗಾಳಕ್ಕೆ ಹೋಗಿ ಗಂಗಾ ಸೀಮೆಯ ಮೀನುಗಳ ಬೆನ್ನು ಹತ್ತಿದ. ತಾಯಿಯ ಕಡೆಯ ಆಸ್ತಿ ಬಂದು ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡ, 1822ರಲ್ಲಿ ಎಡಿನ್‌ಬರೋದಿಂದ ಗಂಗಾ ಮೀನುಗಳ ಗ್ರಂಥ ಹೊರತಂದ. ಹೊಸದಾಗಿ ಅಕ್ವೇರಿಯಂ ಇಡುವವರಿಗೆ ಜಗತ್ತಿನಾದ್ಯಂತ ಮೊದಲು ಕೊಡುವ ಝೀಬ್ರಾ ಡೇನಿಯೊ ವಿಜ್ಞಾನಕ್ಕೆ ಪರಿಚಯವಾದದ್ದು ಆ ಗ್ರಂಥದಲ್ಲೇ, ಕೋಸಿ ನದಿಯ ಮೀನಾಗಿ.

ಆ ಗ್ರಂಥದ ಮೀನಿನ ಚಿತ್ರಗಳನ್ನು ಬರೆದವನು ಹಲುದಾರ್ ಎಂಬ ಬಂಗಾಳಿ ಹುಡುಗ. ಅವನು ಹುಟ್ಟಿದ ವರ್ಷವಾಗಲಿ ಸತ್ತ ವರ್ಷವಾಗಲಿ ದಾಖಲೆಯಲ್ಲಿಲ್ಲ. ಒಂದೊಂದು ಹುರುಪೆಯನ್ನೂ ರೆಕ್ಕೆಯ ಒಂದೊಂದು ಕಡ್ಡಿಯನ್ನೂ ಎಣಿಸಿ ಬರೆದವನ ಬಗ್ಗೆ ಉಳಿದದ್ದು ಹೆಸರೊಂದೇ. 2012ರಲ್ಲಿ ಶ್ರೀಲಂಕಾದ ರೋಹನ್ ಪೆತಿಯಗೋಡ ಮತ್ತು ಸಂಗಡಿಗರು ದಕ್ಷಿಣ ಭಾರತದ ಈ ಪಟ್ಟೆ ಬಾರ್ಬ್‌ಗಳನ್ನು ಪಂಟಿಯಸ್ ಗುಂಪಿನಿಂದ ಬೇರ್ಪಡಿಸಿ ದ್ರವಿಡಿಯಾ ಎಂದು ಕರೆದರು. ಆ ಹೆಸರು ಆಗಲೇ ಒಂದು ಜಾತಿಯ ನೊಣಕ್ಕೆ ಇತ್ತು. ಹಾಗಾಗಿ 2013ರಲ್ಲಿ ಹೊಸ ಹೆಸರು ಹುಡುಕಬೇಕಾಯಿತು, ಪೆತಿಯಗೋಡ ಆಗ ನೆನೆದದ್ದು ಹಲುದಾರನನ್ನು. ಬುಕಾನನ್ ನಡೆದು ಹೋದ ನಗರ ಸೀಮೆಯ ಹಳ್ಳದಲ್ಲಿ ಇವತ್ತು ಈಜುತ್ತಿರುವುದು ಅವನ ಚಿತ್ರಕಾರನ ಹೆಸರು ಹೊತ್ತ ಮೀನು. ಈ ಕತೆಯನ್ನು ಹೇಳಿದಾಗ ಹುಡುಗಿ ತೊಟ್ಟಿಯ ಮುಂದೆ ಕೂತು ತನ್ನ ನೋಟ್‌ಬುಕ್ಕಿನಲ್ಲಿ ‘ಹಲುದಾರ್’ ಎಂದು ಎರಡು ಸಲ ಬರೆದುಕೊಂಡಳು.

ನಮ್ಮ ನೀರಿನಲ್ಲಿ ಇನ್ನೂ ಏನೇನಿದೆ ಎಂಬುದು ಗೊತ್ತಾಗಿರುವುದೇ ಈಚೆಗೆ. ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಪುಟ್ಟ ಮೀಸೆಮೀನು ಹೊಸ ಪ್ರಭೇದವೆಂದು ಪ್ರಕಟವಾದದ್ದು 2004ರಲ್ಲಿ. 2006ರಲ್ಲಿ ಶ್ರೀಕಂಠ, ಕೆ.ವಿ. ಗುರುರಾಜ, ಟಿ.ವಿ. ರಾಮಚಂದ್ರ ಮೊದಲಾದವರು ಶರಾವತಿ ಕಣಿವೆಯಿಂದ ಎರಡು ಹೊಸ ಕಲ್ಲುಮೀನುಗಳನ್ನು ವಿವರಿಸಿದರು. ಒಂದಕ್ಕೆ ನದಿಯ ಹೆಸರು, ಇನ್ನೊಂದಕ್ಕೆ ಹೊಸನಗರ ತಾಲ್ಲೂಕಿನ ನಾಗೋಡಿಯ ಹೆಸರು. ಇಂಥ ಅಪರೂಪದವನ್ನು ತೊಟ್ಟಿಗೆ ತರುವ ಆಸೆ ಯಾರಿಗೂ ಬರಬಾರದು. ಕಲ್ಲಿನ ಸಂದಿಯ ಓಟದ ನೀರು, ಅದರ ತಂಪು, ಅದರ ಆಮ್ಲಜನಕ ಗಾಜಿನೊಳಗೆ ಸಿಗುವಂಥದ್ದಲ್ಲ. ಅಭಯಾರಣ್ಯದೊಳಗಿನ ಹಳ್ಳಗಳಿಗೆ ಕೈ ಹಾಕುವಂತಿಲ್ಲ. ತೀರ್ಥಹಳ್ಳಿಯ ಚಿಬ್ಬಲಗುಡ್ಡೆಯಲ್ಲಿ, ತುಂಗೆಯ ಮತ್ಸ್ಯಧಾಮದಲ್ಲಿ, ಮಂಡಕ್ಕಿಗೆ ಮುಗಿಬೀಳುವ ಮೀನುಗಳನ್ನು ದಡದಲ್ಲಿ ನಿಂತು ನೋಡಿ ಬರಬೇಕು. ಸ್ವಂತ ತೋಟದ ಬಸಿಗಾಲುವೆಯಲ್ಲಿ ಹೇರಳವಾಗಿರುವ ಪಂಚಾಕ್ಸ್‌, ಬಾರ್ಬ್‌ಗಳನ್ನು ಐದಾರು ತರುವುದು ಬೇರೆ ಮಾತು. ತಂದದ್ದನ್ನೂ ಮೂರು ವಾರ ಬೇರೆ ಬಕೆಟ್ಟಿನಲ್ಲಿ ಇಟ್ಟು ನೋಡಬೇಕು. ಕಾಡುಮೀನಿನ ಕಿವಿರಿನಲ್ಲಿ ಹಲವು ಸಲ ಹುಳ ಇರುತ್ತದೆ.

ಪಂಚಾಕ್ಸ್ ಸಾಕುವವರಿಗೆ ಮುಚ್ಚಳ ಕಡ್ಡಾಯ, ಬೆರಳು ತೂರುವಷ್ಟು ಸಂದಿಯಿದ್ದರೂ ಹಾರಿ ಹೊರಗೆ ಬೀಳುತ್ತದೆ. ಬಾಯಿಗೆ ಹಿಡಿಸುವ ಮರಿಗಳನ್ನು ನುಂಗುತ್ತದೆ. ಆದರೆ ಸೊಳ್ಳೆಯ ಮರಿಗಳಿಗೆ ಇದಕ್ಕಿಂತ ಒಳ್ಳೆಯ ಶತ್ರು ಇಲ್ಲ. ಮಲೇರಿಯಾ ತಡೆಯಲೆಂದು ಗಂಬೂಸಿಯಾವನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದರು, ಗಪ್ಪಿಯನ್ನು ಬಾವಿಬಾವಿಗೆ ಬಿಟ್ಟರು. ಅದೇ ಕೆಲಸ ಮಾಡುವ ಮೀನು ನಮ್ಮ ಕಾಲುವೆಯಲ್ಲೇ ಇತ್ತು ಎಂಬುದು ನನ್ನನ್ನು ಕಾಡುವ ಸಂಗತಿ.

ವಾರದ ಚಾಕರಿ ನಾನು ನೋಡುತ್ತಿದ್ದಂತೆ ನಡೆಯಿತು. ಆಕೆ ಪಾರದರ್ಶಕ ಪೈಪಿನ ಒಂದು ತುದಿಯನ್ನು ಮರಳಿನೊಳಗೆ ಊರಿ, ಇನ್ನೊಂದನ್ನು ಬಕೆಟ್ಟಿಗೆ ಇಳಿಸಿದಳು. ಮರಳು ಪೈಪಿನೊಳಗೆ ಕುದಿದಂತೆ ಎದ್ದು ಮತ್ತೆ ಕೂತಿತು, ಅದರಡಿಯ ಕಂದು ಹೊಲಸು ಮಾತ್ರ ಮೇಲೇರಿ ಹೋಯಿತು. ಎರಡು ಬಕೆಟ್ ತೆಗೆದು ನಿಲ್ಲಿಸಿದಳು. ಸ್ಪಂಜನ್ನು ನಲ್ಲಿಯಡಿ ಹಿಡಿಯಲಿಲ್ಲ. ತೊಟ್ಟಿಯಿಂದ ತೆಗೆದ ಅದೇ ನೀರಿನಲ್ಲಿ ಮೂರು ಸಲ ಹಿಂಡಿದಳು. ತೀರಾ ಶುಭ್ರವಾಗಿ ತೊಳೆದರೆ ತಿಂಗಳು ಕಾದು ಬೆಳೆಸಿದ ಬ್ಯಾಕ್ಟೀರಿಯಾ ಮೋರಿ ಪಾಲು. ಕೊಳೆ ನೀರನ್ನು ತಾಯಿ ಡೇರೆ ಗಿಡಗಳಿಗೆ ಹೊಯ್ದರು. ಹಿಂದಿನ ದಿನವೇ ತುಂಬಿಟ್ಟಿದ್ದ ಬಾವಿ ನೀರು ತೊಟ್ಟಿಗೆ ಹೋಯಿತು. ಪೇಟೆಯ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಬೇಕು.

ಆ ಬಕೆಟ್ಟಿಗೆ ಹಳದಿ ಬಣ್ಣದ ಪಟ್ಟಿ ಅಂಟಿಸಿದ್ದರು. ಯಾಕೆಂದು ಕೇಳಿದೆ. “ತೋಟದ ಔಷಧಿ ಬಕೆಟ್ಟು ಇದಕ್ಕೆ ಮುಟ್ಟಬಾರದು ಅಂತ ಅಪ್ಪಯ್ಯನೇ ಹಚ್ಚಿದ್ದು” ಎಂದಳು. ಮಲೆನಾಡಿನ ಅಕ್ವೇರಿಯಂಗೆ ಇದರಷ್ಟು ಮುಖ್ಯವಾದ ಎಚ್ಚರಿಕೆ ಇನ್ನೊಂದಿಲ್ಲ. 1910ರ ಹೊತ್ತಿಗೆ ಮೈಸೂರು ಸರ್ಕಾರದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದ ಮೇಲೆ, ಮೈಲುತುತ್ತವಿಲ್ಲದ ಮಳೆಗಾಲವೇ ಇಲ್ಲಿಲ್ಲ. ಅಡಿಕೆಯನ್ನು ಉಳಿಸಿದ ಮೈಲುತುತ್ತದ ಆ ತಾಮ್ರ ಮೀನಿಗೂ ಬಸವನಹುಳಕ್ಕೂ ವಿಷ, ನಮ್ಮ ಮೆದು ನೀರಿನಲ್ಲಂತೂ ಇನ್ನೂ ತೀಕ್ಷ್ಣ. ಔಷಧಿ ಹೊಡೆದ ವಾರ ತೋಟದ ಕಾಲುವೆಯ ನೀರಾಗಲಿ, ಸೂರಿನ ನೀರಾಗಲಿ ತೊಟ್ಟಿಗೆ ಹಾಕಬಾರದು. ಔಷಧಿ ಕಲಸಿದ ಕೈಯನ್ನು ಎಷ್ಟೇ ತೊಳೆದರೂ ಅಂದು ನೀರಿಗೆ ಅದ್ದದಿರುವುದೇ ಕ್ಷೇಮ.

ಹಳ್ಳವಿಲ್ಲದ ಸಾಗರ ಪೇಟೆಯವರು ಅಂಗಡಿಗೇ ಹೋಗಬೇಕು. ಅವರಿಗೆ ಎಂಟು ಝೀಬ್ರಾ ಡೇನಿಯೊ, ಅಥವಾ ಮೆದು ನೀರಿಗೆ ಒಗ್ಗುವ ರಾಸ್ಬೊರಾ, ಟೆಟ್ರಾ ಸಾಕು. ಗಾಜು ಕೆರೆಯುತ್ತದೆಂದು ಕೊಡುವ ಸಕ್ಕರ್ ಮೀನು ಬೇಡವೇ ಬೇಡ. ಒಂದಡಿ ಮೀರಿ ಬೆಳೆದಾಗ ಅದನ್ನು ಕೆರೆಗೆ ಬಿಟ್ಟವರಿಂದಾಗಿ ದೇಶದ ಎಷ್ಟೋ ಕೆರೆಗಳು ಹಾಳಾಗಿವೆ.

ನಗರದ ತೊಟ್ಟಿಯಲ್ಲಿ ಮೆಲನ್ ಬಾರ್ಬ್ ಮೊಟ್ಟೆಯಿಟ್ಟು, ಬೇರೆ ಡಬ್ಬಿಯಲ್ಲಿ ಸುಮಾರು ಮೂವತ್ತು ಮರಿ ಬೆಳೆಯುತ್ತಿವೆ. ತೀರ್ಥಹಳ್ಳಿಯ ಗೆಳತಿಯೊಬ್ಬಳು ಹತ್ತು ಕೇಳಿದ್ದಾಳೆ. ಮರಿ ಕೊಡುವ ಮೊದಲು ಹುಡುಗಿ ಅವಳ ಮನೆಯ ಬಾವಿ ನೀರನ್ನು ಬಾಟಲಿಯಲ್ಲಿ ತರಿಸಿಕೊಂಡು ಪರೀಕ್ಷಿಸಿದಳು. ಪಿಎಚ್ 6.4 ಬಂತು. ಫಿಲ್ಟರ್ ಓಡಿಸಿ, ಚಿಪ್ಪು ಕಟ್ಟಿ, ತಿಂಗಳು ಬಿಟ್ಟು ಬಾ ಎಂದು ಹೇಳಿ ಕಳಿಸಿದ್ದಾಳೆ.