ನಿಮಗಿದು ಗೊತ್ತೇ? ಸುರಪುರದ ದಂಡಿನಲ್ಲಿದ್ದ ಮುತ್ಯಾನ ಹೆಸರು ಎಲ್ಲೆಲ್ಲಿ ಸಿಗಬಹುದು

● 1858ರ ಫೆಬ್ರವರಿ 8ರಂದು ಸುರಪುರದ ಕಾಳಗದಲ್ಲಿ ಬ್ರಿಟಿಷರ ಕ್ಯಾಪ್ಟನ್ ನ್ಯೂಬೆರಿ ಸತ್ತ. ಅವನ ಹೆಸರು, ಹುದ್ದೆ, ಮದ್ರಾಸಿನ ಎಂಟನೇ ಅಶ್ವದಳದವನೆಂಬ ವಿವರ ಎಲ್ಲವೂ ಕಾಗದದಲ್ಲಿ ಉಳಿದಿವೆ. ಎದುರಿಗೆ ನಿಂತಿದ್ದ ಬೇಡರ ಪಡೆಗೆ ಅಂಥ ಹಾಜರಿ ಪಟ್ಟಿಯ ಭಾಗ್ಯ ಸಿಗಲಿಲ್ಲ. ‘ನಮ್ಮ ಮುತ್ಯಾನ ಮುತ್ಯಾ ರಾಜಾ ವೆಂಕಟಪ್ಪ ನಾಯಕರ ದಂಡಿನ್ಯಾಗಿದ್ದ’ ಎನ್ನುವ ಮನೆಯವರು ಬೇರೆ ದಾರಿಯಲ್ಲೇ ಹುಡುಕಬೇಕು. ದಾರಿಗಳು ಇವೆ.

● ಅಮೆರಿಕದಲ್ಲೂ ಸೋತ ದಂಡಿನ ಕಥೆಯಿದೆ. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಒಕ್ಕೂಟ ಸೋತಿತು. ಆದರೆ 1903ರಲ್ಲಿ ಗೆದ್ದ ಸರ್ಕಾರವೇ ದಕ್ಷಿಣದಿಂದ ಹಳೆಯ ಹಾಜರಿ ಪಟ್ಟಿಗಳನ್ನು ಎರವಲು ತರಿಸಿ, ಒಬ್ಬೊಬ್ಬ ಸಿಪಾಯಿಯ ಸೇವೆಯ ವಿವರವನ್ನೂ ನಕಲು ಮಾಡಿಸಲು ಹೊರಟಿತು. ಇಂದು ಅಲ್ಲಿನ ಮರಿಮಕ್ಕಳು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಅದನ್ನು ನೋಡುತ್ತಾರೆ. ಸುರಪುರದ ಪಾಲಿಗೆ ಆ ಕೆಲಸವನ್ನು ಯಾರೂ ಮಾಡಲಿಲ್ಲ. ಇದು ಈಗಲೂ ಆಗಬೇಕಾದ ಕೆಲಸ.

● ಸುರಪುರದ ಕಾಳಗದ ನಂತರ ಸೆರೆಯಲ್ಲಿದ್ದ ವೆಂಕಟಪ್ಪ ನಾಯಕ, ದಂಗೆಗೆ ಪ್ರೇರೇಪಿಸಿದವರ ಹೆಸರನ್ನು ಬಾಯಿಬಿಡಲಿಲ್ಲ. ಕಳ್ಳನಂತೆ ನೇಣಿಗೆ ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿರಿ ಎಂದು ಕೇಳಿದನೆಂದು ಬರೆದವನು ಅವನನ್ನು ಬಾಲ್ಯದಿಂದ ಬಲ್ಲ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಶಿಕ್ಷೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಮದ್ರಾಸಿನ ಕಡೆ ಒಯ್ಯುವಾಗ ದಾರಿಯಲ್ಲೇ ಗುಂಡು ತಗುಲಿ ರಾಜ ತೀರಿಕೊಂಡ. ತಾನೇ ಹೊಡೆದುಕೊಂಡನೆಂದು ಟೇಲರ್ ಬರೆದ. ಸುರಪುರದ ಜನ ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಅಂದು ಅವನು ಹೆಸರು ಹೇಳದೆ ಉಳಿಸಿದ್ದು ಎಷ್ಟು ಮನೆಗಳನ್ನೋ!

● ಟೇಲರ್ 1841ರಲ್ಲಿ ಸುರಪುರಕ್ಕೆ ಬಂದು, ರಾಣಿ ಈಶ್ವರಮ್ಮನ ಕಾಲವನ್ನೂ ಬಾಲರಾಜನ ಕಾಲವನ್ನೂ ಕಂಡು, 1853ರಲ್ಲಿ ಹೊರಟ. ರಾಜ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಅವನ ಆತ್ಮಕಥೆ ಹೊರಬಂದದ್ದು ಅವನು ಸತ್ತ ಮರುವರ್ಷ, 1877ರಲ್ಲಿ. ಬೇಡ ಪಡೆಯವರಿಗೆ ಸಂಬಳದ ಬದಲು ವಂಶಪಾರಂಪರ್ಯದ ಜಮೀನಿತ್ತು ಎಂಬುದನ್ನು ಅದರಲ್ಲಿ ಗಮನಿಸಿ. ಸೇವೆಯ ಸುಳಿವು ಹೊಲದಲ್ಲೇ ಇದೆ ಎಂದಾಯಿತು.

● 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. ಹಾಗಾಗಿ ಮುಂದಿನ ಕಾಗದಗಳು ಮೊದಲು ಫಾರಸಿಯಲ್ಲಿ, 1880ರ ದಶಕದಿಂದ ಉರ್ದುವಿನಲ್ಲಿ. ಇನಾಮಿನ ವಾರಸುದಾರಿಕೆ ತೀರ್ಮಾನಿಸುವಾಗ ವಿಚಾರಣೆ ನಡೆದು ‘ಮುಂತಖಬ್’ ಎಂಬ ಪತ್ರ ಕೊಡುತ್ತಿದ್ದರು. ತಂದೆ, ಮಗ, ಮೊಮ್ಮಗ ಎಂದು ಯಾರ ಹಕ್ಕು ಯಾರಿಗೆ ಇಳಿಯಿತೆಂಬುದು ಆ ಕಡತದಲ್ಲಿರುತ್ತದೆ. ಸೇತ್ವಾರ್, ಖಾಸ್ರಾ ಪಹಣಿ ಎಂಬ ಜಮೀನಿನ ದಾಖಲೆಗಳನ್ನೂ ಜೊತೆಗಿಟ್ಟು ನೋಡಿದರೆ ಹೊಲದ ಹೆಸರಿನಿಂದ ಮನೆತನದ ಹೆಸರಿಗೆ ಹೋಗಬಹುದು. ಟ್ರಂಕಿನ ತಳದಲ್ಲಿರುವ ಹಳೆಯ ಉರ್ದು ಕಾಗದವನ್ನು ಓದಲು ಬರುವುದಿಲ್ಲವೆಂದು ಎಸೆಯಬೇಡಿ. ಯಾದಗಿರಿ, ಶಹಾಪುರಗಳಲ್ಲಿ ಉರ್ದು ಓದಬಲ್ಲ ಹಿರಿಯರು ಇನ್ನೂ ಇದ್ದಾರೆ.

● ಹೆಳವರು! ಎತ್ತಿನ ಮೇಲೆ, ಬಂಡಿಯಲ್ಲಿ ಕೆಲವು ವರ್ಷಕ್ಕೊಮ್ಮೆ ಊರಿಗೆ ಬಂದು ಮನೆಯ ವಂಶಾವಳಿ ಹೇಳುವವರು. ಅಂಗಳದಲ್ಲಿ ಕುಳಿತು ಪುಸ್ತಕ ಬಿಚ್ಚಿ, ಮೂಲಪುರುಷ ಯಾರು, ಯಾವ ಊರಿನಿಂದ ಯಾವ ಊರಿಗೆ ಬಂದ, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು ಎಂದು ಒಂದೇ ಉಸಿರಿಗೆ ಹಾಡುವಂತೆ ಓದುತ್ತಾರೆ. ಆಮೇಲೆ ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ಜೋಳವೋ ಬಟ್ಟೆಯೋ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಯಾವ ಸರ್ಕಾರಿ ಕಚೇರಿಗಿಂತಲೂ ಇವರ ಮೇಲೆ ನನಗೆ ಹೆಚ್ಚು ಭರವಸೆ. ಬಂದಾಗ ಅವಸರದಲ್ಲಿ ಕಳಿಸಬೇಡಿ. ಅವರ ಒಪ್ಪಿಗೆ ಪಡೆದು ಓದುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ.

● 1705ರಲ್ಲಿ ಸುರಪುರದ ಬಳಿಯ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಲು ಔರಂಗಜೇಬ ತಾನೇ ಬಂದಿದ್ದ. ಆಗ ಅವನಿಗೆ 86 ವರ್ಷ! ಪಿಡ್ಡನಾಯಕನ ಬೇಡರು ಕೋಟೆ ಬಿಟ್ಟು ರಾತ್ರೋರಾತ್ರಿ ಜಾರಿಕೊಂಡರು.

● ಆ ಬೇಡರಿಗೆ ಎದುರಾಗಿದ್ದ ಮೊಘಲರ ಸಿಪಾಯಿಗೆ ಮಾತ್ರ ‘ಚೆಹ್ರಾ’ ಎಂಬ ಪಟ್ಟಿಯಿತ್ತು: ಹೆಸರು, ತಂದೆಯ ಹೆಸರು, ಮೈಬಣ್ಣ, ಹುಬ್ಬು, ಮೂಗು, ಮಚ್ಚೆ, ಗಾಯದ ಕಲೆ. ಒಬ್ಬನ ಬದಲು ಇನ್ನೊಬ್ಬ ನಿಲ್ಲಬಾರದೆಂದು ಈ ಏರ್ಪಾಡು. ಷಹಜಹಾನ್, ಔರಂಗಜೇಬರ ಕಾಲದ ಇಂಥ ದಖ್ಖನಿನ ಕಾಗದಗಳು ಹೈದರಾಬಾದಿನ ತೆಲಂಗಾಣ ಪತ್ರಾಗಾರದಲ್ಲಿವೆ. ಮುನ್ನೂರು ವರ್ಷದ ಹಿಂದಿನ ಸಾಮಾನ್ಯ ಸಿಪಾಯಿಯೊಬ್ಬನ ಕೆನ್ನೆಯ ಮಚ್ಚೆ ಎಲ್ಲಿತ್ತೆಂಬುದು ಇಂದಿಗೂ ತಿಳಿಯುತ್ತದೆ.

● ಹಲಗಲಿ ಬೇಡರ ಹೆಸರು ಉಳಿದದ್ದು ಲಾವಣಿಯಿಂದ. 1857ರ ಆ ದಂಗೆಯ ಹನುಮ, ಬಾಲ, ಜಡಗ, ರಾಮರನ್ನು ನಾವು ಬಲ್ಲೆವು. ಆ ಲಾವಣಿಯನ್ನು ಮೊದಲು ಅಚ್ಚು ಮಾಡಿಸಿದವನು ಶಾಸನ ತಜ್ಞ ಫ್ಲೀಟ್, ಬ್ರಿಟಿಷ್ ಅಧಿಕಾರಿ. ಸುರಪುರದ ಸೀಮೆಯಲ್ಲೂ ಬೀಸುವ ಪದ, ಡೊಳ್ಳಿನ ಪದ ಹೇಳುವ ಅಜ್ಜಿ ಮುತ್ಯಾಂದಿರಿದ್ದರೆ ಅಲ್ಲಿ ಬರುವ ವ್ಯಕ್ತಿಗಳ, ಊರುಗಳ ಹೆಸರನ್ನು ಬರೆದಿಡಿ.

● ಸಂಸ್ಥಾನದ ರಾಜಕೀಯ ತಿಳಿಯಲು ಕಪಟರಾಳ ಕೃಷ್ಣರಾಯರ ‘ಸುರಪುರ ಸಂಸ್ಥಾನದ ಇತಿಹಾಸ’ ಇದೆ.

● ಪತ್ರಾಗಾರಕ್ಕೆ ಹೊರಡುವ ಮುನ್ನ ಮನೆಯಲ್ಲೇ ನಾಲ್ಕು ಸಂಗತಿ ಕೇಳಿಟ್ಟುಕೊಳ್ಳಿ: ಬೆಡಗು, ಮನೆದೇವರು, ಮೂಲ ಊರು, ಹಳೆಯ ಹೊಲದ ಹೆಸರು. ಒಂದೇ ಊರಲ್ಲಿ ಹತ್ತು ಹನುಮಂತ ನಾಯಕರಿದ್ದರೂ ಈ ನಾಲ್ಕೂ ಒಂದೇ ಆಗಿರುವವರು ಸಿಗುವುದು ಅಪರೂಪ. ಹಳೆಯ ಹೊಲದ ಹೆಸರು ಮನೆಯ ಹಿರಿಯ ಹೆಣ್ಣುಮಕ್ಕಳಿಗೂ ಗೊತ್ತಿರುತ್ತದೆ. ಅವರನ್ನು ಕೇಳುವುದನ್ನು ಮರೆಯಬೇಡಿ.