‘ಉದ್ಯಮಿ’ ಎಂಬ ಪದವೂ ಮಹಿಳೆಯ ಒಡೆತನವೂ

ಲಿಂಗಸುಗೂರು, ಸಿಂಧನೂರು, ಮಸ್ಕಿ ಪೇಟೆಗಳಲ್ಲಿ ಕಿರಾಣಿ, ಬಟ್ಟೆ, ಹೊಲಿಗೆ, ರೊಟ್ಟಿ ತಯಾರಿಕೆ ಮುಂತಾದ ವ್ಯವಹಾರಗಳನ್ನು ಮಹಿಳೆಯರೂ ನಡೆಸುತ್ತಾರೆ. ಅವರನ್ನು ಏನೆಂದು ಕರೆಯಬೇಕು? ಮೇಲ್ನೋಟಕ್ಕೆ ಇದು ವ್ಯಾಕರಣದ ಪ್ರಶ್ನೆ. ವಾಸ್ತವದಲ್ಲಿ ಸಾಲ, ಸಹಾಯಧನ ಹಾಗೂ ಸರ್ಕಾರಿ ಖರೀದಿಗೆ ಸಂಬಂಧಿಸಿದ ಪ್ರಶ್ನೆ.

ಕನ್ನಡದಲ್ಲಿ ‘ಉದ್ಯಮಿ’, ‘ವ್ಯಾಪಾರಿ’ ಎಂಬ ಪದಗಳು ಸ್ತ್ರೀಪುರುಷರಿಬ್ಬರಿಗೂ ಸಲ್ಲುತ್ತವೆ. ‘ಉದ್ಯಮಿ ಬಂದನು’, ‘ಉದ್ಯಮಿ ಬಂದಳು’ ಎಂಬಲ್ಲಿ ಕ್ರಿಯಾಪದವೇ ಲಿಂಗವನ್ನು ತಿಳಿಸುತ್ತದೆ. ಆದರೂ ಬರಿಯ ‘ಉದ್ಯಮಿ’ ಎಂದರೆ ಪುರುಷನೆಂದೇ ಭಾವಿಸುವುದು ರೂಢಿಯಾದುದರಿಂದ ‘ಮಹಿಳಾ ಉದ್ಯಮಿ’ ಎಂಬ ಪ್ರಯೋಗ ಬೇಕಾಯಿತು. ಸ್ತ್ರೀವಾಚಕ ಪದಗಳೆಲ್ಲವೂ ಒಂದೇ ಬಗೆಯವಲ್ಲ. ‘ಗೌಡತಿ’ ಎಂಬುದು ಸಾಮಾನ್ಯವಾಗಿ ಗೌಡನ ಪತ್ನಿಯನ್ನು ಸೂಚಿಸಿದರೆ, ‘ಹೂವಾಡಗಿತ್ತಿ’ ಎಂಬುದು ಆಕೆಯ ಸ್ವಂತ ವೃತ್ತಿಯನ್ನು ಹೇಳುತ್ತದೆ. ‘ಒಡತಿ’ ಎಂಬುದು ಒಡೆತನವನ್ನೇ ಸಾರುತ್ತದೆ.

ಹೆಣ್ಣನ್ನು ಕಾಯಕದಿಂದ ಗುರುತಿಸುವುದು ಈ ನೆಲಕ್ಕೆ ಹೊಸದಲ್ಲ. 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಊರು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವೆಂದು ಪ್ರತೀತಿ. ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ ಮೊದಲಾದವರ ಹೆಸರಿನಲ್ಲಿಯೇ ಅವರ ದುಡಿಮೆ ಸೇರಿದೆ.

1987ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಪ್ರಮುಖ ಯೋಜನೆಯ ಹೆಸರು ‘ಉದ್ಯೋಗಿನಿ’. ‘ಉದ್ಯೋಗಿ’ ಎಂದರೆ ಇಂದು ಸಂಬಳದ ನೌಕರನೆಂಬ ಅರ್ಥವೇ ಹೆಚ್ಚು ಬಳಕೆಯಲ್ಲಿದೆ. ಆದರೆ ಈ ಯೋಜನೆ ಬ್ಯಾಂಕ್ ಸಾಲ ಹಾಗೂ ಸಹಾಯಧನದ ಮೂಲಕ ಸ್ವಂತ ಉದ್ಯಮ ಕೈಗೊಳ್ಳುವ ಮಹಿಳೆಯರಿಗಾಗಿ ಇರುವುದು. ಹೆಸರು ಕೇಳಿ ಇದು ನೌಕರಿಯ ಯೋಜನೆಯೆಂದು ತಿಳಿದು ಯಾರೂ ಹಿಂದೆ ಸರಿಯಬಾರದು.

ಪದಕ್ಕಿಂತ ಮುಖ್ಯವಾದುದು ದಾಖಲೆ. ಕೇಂದ್ರ ಸರ್ಕಾರದ ಇಲಾಖೆಗಳೂ ಉದ್ಯಮಗಳೂ ತಮ್ಮ ವಾರ್ಷಿಕ ಖರೀದಿಯ ಶೇ. 3ರಷ್ಟನ್ನು ಮಹಿಳೆಯರ ಒಡೆತನದ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕೆಂದು 2018ರಲ್ಲಿ ನಿಯಮಿಸಲಾಯಿತು. ಏಕವ್ಯಕ್ತಿ ಸಂಸ್ಥೆಯಾದರೆ ಮಾಲೀಕಳು ಮಹಿಳೆಯಾಗಿರಬೇಕು. ಪಾಲುದಾರಿಕೆ ಅಥವಾ ಖಾಸಗಿ ಕಂಪನಿಯಾದರೆ ಮಹಿಳೆಯರ ಪಾಲು ಕನಿಷ್ಠ ಶೇ. 51 ಇರಬೇಕು. ತಾಯಿ ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತರೂ ಪರವಾನಗಿ ಮಗನ ಹೆಸರಿನಲ್ಲಿದ್ದರೆ ಆಕೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಪರವಾನಗಿ ಸೊಸೆಯ ಹೆಸರಿನಲ್ಲಿದ್ದು ಆಕೆ ಸಹಿಗೆ ಮಾತ್ರ ಸೀಮಿತಳಾದರೆ, ಸಾಲದ ಹೊಣೆ ಆಕೆಯದು, ಅಧಿಕಾರ ಅನ್ಯರದು.

ಆದ್ದರಿಂದ ವರ್ತಕ ಬಾಂಧವರು ತಮ್ಮ ಮನೆಯ ವ್ಯವಹಾರವನ್ನು ನಿಜವಾಗಿ ಯಾರು ನಡೆಸುತ್ತಿದ್ದಾರೆಂಬುದನ್ನು ಪರಿಶೀಲಿಸಿ, ಪರವಾನಗಿ, ಬ್ಯಾಂಕ್ ಖಾತೆ ಹಾಗೂ ಉದ್ಯಮ್ ನೋಂದಣಿಯನ್ನು ಅದಕ್ಕೆ ಅನುಗುಣವಾಗಿ ಸರಿಪಡಿಸಿಕೊಳ್ಳುವುದು ಅವಶ್ಯ. ದುಡಿಮೆ, ದಾಖಲೆ, ಅಧಿಕಾರ ಈ ಮೂರೂ ಆಕೆಯದೇ ಆದ ದಿನ ಆಕೆಯನ್ನು ಬರಿಯ ‘ಉದ್ಯಮಿ’ ಎಂದರೂ ಸಾಕು.