ಎರೆಮಣ್ಣಿಗೆ ಇಳಿದ ಶೋಧಕ

ಹಿಂಗಾರಿ ಬಿತ್ತನೆಯ ಹೊತ್ತಿಗೆ ನವಲಗುಂದ, ಅಣ್ಣಿಗೇರಿ ಸೀಮೆಯ ಎರೆಹೊಲಗಳ ಮೇಲ್ಮೈ ಆರತೊಡಗಿರುತ್ತದೆ. ಮಳೆಗಾಲದಲ್ಲಿ ಇಂಗಿದ ನೀರು ಮಾತ್ರ ಕೆಳಗೆ ಉಳಿದಿರುತ್ತದೆ. ಕಡಲೆ, ಬಿಳಿಜೋಳ, ಕುಸುಬೆಗಳು ಮುಂದಿನ ತಿಂಗಳುಗಳನ್ನು ಕಳೆಯುವುದು ಬಹುಪಾಲು ಈ ಹಸಿಯ ಬಲದಿಂದಲೇ. ಅದು ಎಷ್ಟಿದೆ, ಯಾವ ಆಳದಲ್ಲಿದೆ ಎಂಬುದು ಮೇಲಿನಿಂದ ಕಾಣದು.

ಮಣ್ಣನ್ನು ಅಗೆದು, ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಮತ್ತೆ ತೂಗುವುದು ತೇವಾಂಶದ ಅಳತೆಗೆ ಇಂದಿಗೂ ಒರೆಗಲ್ಲು. ಆದರೆ ಅಗೆದ ಜಾಗ ಮರು ಅಳತೆಗೆ ಉಳಿಯುವುದಿಲ್ಲ. ಬೆಳೆ ನಿಂತಿರುವಾಗ ಅದೇ ಆಳದ ಹಸಿಯನ್ನು ವಾರವಾರವೂ ತಿಳಿಯಬೇಕಾದರೆ ಶೋಧಕವೊಂದು ಮಣ್ಣಿನೊಳಗೇ ನೆಲೆಸಬೇಕಾಗುತ್ತದೆ.

ವಿದ್ಯುತ್ ಕ್ಷೇತ್ರಕ್ಕೆ ವಸ್ತುವೊಂದು ಎಷ್ಟರ ಮಟ್ಟಿಗೆ ಸ್ಪಂದಿಸುತ್ತದೆ ಎಂಬುದರ ಅಳತೆಯೇ ಪರಾವೈದ್ಯುತ ಸ್ಥಿರಾಂಕ. ಗಾಳಿಗೆ ಅದು 1, ಒಣ ಮಣ್ಣಿಗೆ 3ರಿಂದ 5, ನೀರಿಗೆ ಸುಮಾರು 80. ಈ ಅಗಾಧ ಅಂತರವೇ ಶೋಧಕಕ್ಕೆ ಆಧಾರ. ಮಣ್ಣಿಗೆ ಚುಚ್ಚಿದ ಉಕ್ಕಿನ ಕಡ್ಡಿಗಳ ಗುಂಟ ಕಳಿಸಿದ ವಿದ್ಯುತ್ ಮಿಡಿತ ಕೆಲವೇ ನ್ಯಾನೊಸೆಕೆಂಡುಗಳಲ್ಲಿ ತುದಿ ಮುಟ್ಟಿ ಮರಳುತ್ತದೆ. ನೀರು ಹೆಚ್ಚಿದ್ದಷ್ಟೂ ಮರಳುವುದು ತಡ. ಈ ತಡವನ್ನು ತೇವಾಂಶವಾಗಿ ಓದುವ ಸಮೀಕರಣವನ್ನು ಕೆನಡಾದ ವಿಜ್ಞಾನಿ ಟಾಪ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದರು.

ಎರೆಮಣ್ಣು ಆ ಸಮೀಕರಣಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಅದರ ಜೇಡಿಯಲ್ಲಿ ಸ್ಮೆಕ್ಟೈಟ್ ಗುಂಪಿನ ಖನಿಜಗಳೇ ಹೆಚ್ಚು. ಅವು ಪದರಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತವೆ, ಕಳೆದುಕೊಂಡು ಕುಗ್ಗುತ್ತವೆ. ಕಣಗಳ ಮೈಗೆ ಬಿಗಿಯಾಗಿ ಅಂಟಿದ ನೀರಿನ ಅಣುಗಳು ಮುಕ್ತ ನೀರಿನಂತೆ ಕ್ಷೇತ್ರಕ್ಕೆ ತಕ್ಕಂತೆ ಹೊರಳಲಾರವು, ಆದ್ದರಿಂದ ಇರುವ ನೀರೆಲ್ಲ ಲೆಕ್ಕಕ್ಕೆ ಬರದು. ಉಪ್ಪು ಮೇಲೆದ್ದ ನೀರಾವರಿ ಹೊಲಗಳಲ್ಲಿ ಮಿಡಿತ ದಾರಿಯಲ್ಲೇ ಕ್ಷೀಣಿಸುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಬಿರುಕು. ಮಣ್ಣು ಕುಗ್ಗಿ ಕಡ್ಡಿಯಿಂದ ಕೂದಲೆಳೆಯಷ್ಟು ಸರಿದರೂ ಅಲ್ಲಿ ಗಾಳಿ ಸೇರುತ್ತದೆ. ಕ್ಷೇತ್ರ ಅತಿ ಪ್ರಬಲವಾಗಿರುವುದು ಕಡ್ಡಿಯ ಮೈಗೆ ಹತ್ತಿಯೇ ಆದ್ದರಿಂದ ಹಸಿ ಮಣ್ಣೂ ಒಣಗಿದಂತೆ ತೋರುತ್ತದೆ. ಬಿರುಕಿನಿಂದ ಹಸಿ ಹಾರಿಹೋಗುವುದನ್ನು ಅರಿತ ಒಕ್ಕಲಿಗರು ಎಡೆಕುಂಟೆ ಹೊಡೆದು ಅದನ್ನು ಮುಚ್ಚುತ್ತ ಬಂದಿದ್ದಾರೆ. ಆ ತಿಳಿವಳಿಕೆ ಯಾವ ಉಪಕರಣಕ್ಕೂ ಕಡಿಮೆಯದಲ್ಲ.

ಇಷ್ಟೆಲ್ಲ ತೊಡಕುಗಳಿರುವುದರಿಂದ ಎರೆಮಣ್ಣಿಗೆ ಇಳಿಸುವ ಶೋಧಕವನ್ನು ಅದೇ ಮಣ್ಣನ್ನು ತೂಗಿ, ಒಣಗಿಸಿ ಪಡೆದ ಅಂಕಿಗಳ ಜೊತೆ ತಾಳೆ ನೋಡಿ ಹೊಂದಿಸಬೇಕು. ಅಂಕಿ ಸರಿಯಾಗಿ ಬಂದರೂ ಅಷ್ಟೂ ನೀರು ಬೆಳೆಯ ಪಾಲಲ್ಲ. ಮರಳುಮಣ್ಣಿನಲ್ಲಿ ಬೆಳೆಗೆ ಧಾರಾಳವೆನಿಸುವ ತೇವಾಂಶದಲ್ಲೇ ಎರೆಹೊಲದ ಬೆಳೆ ಬಾಡಬಹುದು, ಏಕೆಂದರೆ ಜೇಡಿ ತನ್ನ ನೀರಿನ ದೊಡ್ಡ ಭಾಗವನ್ನು ಬೇರಿಗೆ ಬಿಟ್ಟುಕೊಡುವುದಿಲ್ಲ.

ಮೈಗೆ ಮೈ ತಾಗದಿದ್ದರೆ ಅಳತೆಯಿಲ್ಲ ಎಂದು ಬಿರುಕು ಕಲಿಸುವ ನಿಯಮ ಹೊಲಕ್ಕಷ್ಟೇ ಸೀಮಿತವಲ್ಲ. ಬಸುರಿಯ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಶೋಧಕ ಇಡುವ ಮುನ್ನ ಜೆಲ್ ಹಚ್ಚುವುದು ನಡುವಿನ ಗಾಳಿಯನ್ನು ಹೊರದೂಡಲು. ತೆಳುಗಾಳಿಯ ಪದರವೊಂದು ಉಳಿದರೂ ಶ್ರವಣಾತೀತ ಧ್ವನಿ ಬಹುತೇಕ ಪೂರ್ತಿ ಹಿಂದಕ್ಕೆ ಪುಟಿಯುತ್ತದೆ. 2018ರಲ್ಲಿ ಮಂಗಳಕ್ಕಿಳಿದ ನಾಸಾದ ಇನ್‌ಸೈಟ್ ನೌಕೆಯ ತಾಪ ಶೋಧಕವು ತನ್ನನ್ನು ತಾನೇ ಬಡಿದುಕೊಂಡು 5 ಮೀಟರ್‌ವರೆಗೆ ಇಳಿಯಬೇಕಿತ್ತು. ಸುತ್ತಲಿನ ಮಣ್ಣು ಅದರ ಮೈಯನ್ನು ಹಿಡಿದುಕೊಳ್ಳಲಿಲ್ಲ. ಆ ಘರ್ಷಣೆಯಿಲ್ಲದೆ ಪ್ರತಿ ಬಡಿತಕ್ಕೂ ಅದು ಹಿಂದೆ ಪುಟಿಯಿತು. 2021ರ ಜನವರಿಯಲ್ಲಿ ಪ್ರಯತ್ನವನ್ನು ಕೈಬಿಡಲಾಯಿತು.

ಭಾರತದ ಚಂದ್ರಯಾನ-3 ಬೇರೆ ದಾರಿ ಹಿಡಿದಿತ್ತು. 2023ರ ಆಗಸ್ಟ್ 23ರಂದು ಇಳಿದ ಅದರ ವಿಕ್ರಮ್ ನೌಕೆಯ ಚೇಸ್ಟ್ ಉಪಕರಣವು ಹತ್ತು ತಾಪ ಸಂವೇದಕಗಳಿದ್ದ ಕಡ್ಡಿಯನ್ನು ಬಡಿಯದೆ, ಮೋಟರಿನಿಂದ ನಿಧಾನವಾಗಿ ಚಂದ್ರನ ನೆಲಕ್ಕೆ ಒತ್ತಿತು. ಇಸ್ರೊ ಪ್ರಕಟಿಸಿದ ಮೊದಲ ನಕ್ಷೆಯಲ್ಲಿ ಮೇಲ್ಮೈಯ ತಾಪ 50 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದರೆ, ಕೇವಲ 8 ಸೆಂಟಿಮೀಟರ್ ಕೆಳಗೆ ಅದು ಸೊನ್ನೆಗಿಂತ 10 ಡಿಗ್ರಿ ಕಡಿಮೆಯಿತ್ತು. ಚಂದ್ರನ ಧೂಳು ಶಾಖವನ್ನು ಅಷ್ಟು ಕೃಪಣವಾಗಿ ಸಾಗಿಸುತ್ತದೆ. ಇದೇ ಅಳತೆಗಳನ್ನು ಆಧರಿಸಿ 2025ರಲ್ಲಿ ವಿಜ್ಞಾನಿಗಳು ಮಾಡಿದ ಲೆಕ್ಕಾಚಾರದಂತೆ, ಧ್ರುವಪ್ರದೇಶದ ಹೊರಗೂ ಎತ್ತರದ ಅಕ್ಷಾಂಶಗಳಲ್ಲಿ, ಸೂರ್ಯನಿಗೆ ಬೆನ್ನು ಮಾಡಿದ ಇಳಿಜಾರುಗಳ ಅಡಿ, ಹೆಚ್ಚು ಆಳಕ್ಕೆ ಹೋಗದೆಯೇ ಹಿಮ ಉಳಿದಿರಬಹುದು.